ಎಣ್ಮಕಜೆಯಲ್ಲಿ ಕ್ಯಾಂಪಸ್ ಕೃಷಿ: ತರಕಾರಿ ಜೊತೆಗೆ ಲೆಕ್ಕವೂ ಬೆಳೆಯಲಿ

ಕಾಲೇಜಿನ ಖಾಲಿ ಜಾಗದಲ್ಲಿ ವಿದ್ಯಾರ್ಥಿಗಳು ಹಾರೆ ಹಿಡಿದು ಬೆಂಡೆ, ಅಲಸಂಡೆ, ಹರಿವೆ ಬೆಳೆಸೋದು ಕೇರಳದಲ್ಲಿ ಹೊಸ ಸುದ್ದಿಯೇನಲ್ಲ. 2016ರ ಡಿಸೆಂಬರ್‌ನಲ್ಲಿ ಹರಿತ ಕೇರಳಂ ಮಿಷನ್ ಆರಂಭವಾಯಿತು. ಕೋವಿಡ್ ಕಾಲದಲ್ಲಿ ಸುಭಿಕ್ಷ ಕೇರಳಂ ಯೋಜನೆ ಬಂತು. ಅಲ್ಲಿಂದೀಚೆಗೆ ಶಾಲೆ, ಕಾಲೇಜು, ಪಂಚಾಯತ್ ಕಚೇರಿಗಳ ಅಂಗಳದಲ್ಲೆಲ್ಲ ಗ್ರೋಬ್ಯಾಗ್‌ಗಳು ಕಾಣಿಸಿಕೊಂಡವು. ಉದ್ಘಾಟನೆ, ಫೋಟೋ, ಪತ್ರಿಕೆಯಲ್ಲಿ ಎರಡು ಕಾಲಂ ಸುದ್ದಿ. ಓಣಂ ಕಳೆಯುವಷ್ಟರಲ್ಲಿ ಕಳೆ ಎದ್ದು ನಿಂತಿರುತ್ತದೆ.

ಬೇರೆ ಊರಲ್ಲಾದರೆ ಇದನ್ನು ಮಕ್ಕಳ ಹವ್ಯಾಸ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಕರ್ನಾಟಕದ ಗಡಿಗೆ ಅಂಟಿಕೊಂಡಿರುವ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತ್‌ನಲ್ಲಿ 'ಸಾವಯವ' ಅನ್ನೋ ಪದಕ್ಕೆ ಬೇರೆಯೇ ತೂಕವಿದೆ. ಇಲ್ಲಿನ ಪಡ್ರೆ, ಸ್ವರ್ಗ, ವಾಣೀನಗರದ ಹೆಸರು ಜಗತ್ತಿಗೆ ಗೊತ್ತಾದದ್ದು ಎಂಡೋಸಲ್ಫಾನ್‌ನಿಂದ.

ನಡೆದದ್ದೇನು ಅಂತ ಇಂದಿನ ವಿದ್ಯಾರ್ಥಿಗಳಿಗೆ ಒಮ್ಮೆ ನೆನಪಿಸಬೇಕು. ಯಾಕಂದ್ರೆ ಕೊನೆಯ ಸಿಂಪಡಣೆ ಆದಾಗ ಇವರಲ್ಲಿ ಹೆಚ್ಚಿನವರು ಹುಟ್ಟಿಯೇ ಇರಲಿಲ್ಲ. ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಷನ್ ತನ್ನ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರ್‌ನಿಂದ ಈ ವಿಷ ಸುರಿಯಿತು. ಗುರಿ ಇದ್ದದ್ದು ಗೇರಿನ ಚಿಗುರು ಹೀರುವ ಟೀ ಸೊಳ್ಳೆ. ಆದರೆ ಗೇರು ಇರೋದು ಗುಡ್ಡೆಯ ಮೇಲೆ, ಜನ ಇರೋದು ಗುಡ್ಡೆಯ ಬುಡದಲ್ಲಿ. ಇಲ್ಲಿನವರು ನೀರು ಕುಡಿಯೋದು ಗುಡ್ಡೆಯ ಹೊಟ್ಟೆ ಕೊರೆದು ಮಾಡಿದ ಸುರಂಗದಿಂದ, ತೋಡಿನಿಂದ, ಬಾವಿಯಿಂದ. ಮೇಲೆ ಬಿದ್ದದ್ದು ಕೆಳಗೆ ಇಳಿಯದೆ ಎಲ್ಲಿಗೆ ಹೋಗಬೇಕು? ಆ ನೀರು ಮಾಪಿಳ್ಳೆಯ ಮನೆ, ಭಟ್ಟರ ಮನೆ, ಕೊರಗರ ಕೊಪ್ಪ ಅಂತ ನೋಡಿ ಹರಿಯಲಿಲ್ಲ.

ಈ ಸತ್ಯ ಹೊರಗೆ ಬಂದದ್ದು ಯಾವ ಇಲಾಖೆಯ ಕೃಪೆಯಿಂದಲೂ ಅಲ್ಲ. ಕರುಗಳು ಕಾಲು ಸೊಟ್ಟಗಾಗಿ ಹುಟ್ಟುತ್ತಿರುವುದನ್ನು ಗಮನಿಸಿ ಬರೆದವರು ಈ ಊರಿನ ಕೃಷಿಕ, ಪತ್ರಕರ್ತ ಶ್ರೀ ಪಡ್ರೆ. ಒಂದೇ ಪ್ರದೇಶದ ಮನೆಗಳಲ್ಲಿ ಕ್ಯಾನ್ಸರ್, ಬುದ್ಧಿಮಾಂದ್ಯ, ಅಪಸ್ಮಾರ ಹೆಚ್ಚುತ್ತಿರುವುದನ್ನು ಗುರುತಿಸಿ ವೈದ್ಯಲೋಕದ ಗಮನಕ್ಕೆ ತಂದವರು ವಾಣೀನಗರದ ಡಾ. ವೈ.ಎಸ್. ಮೋಹನ ಕುಮಾರ್. ಪೆರಿಯದಲ್ಲಿ ಕೃಷಿ ಇಲಾಖೆಯ ಉದ್ಯೋಗಿಯಾಗಿದ್ದ ಲೀಲಾಕುಮಾರಿ ಅಮ್ಮ ಕೋರ್ಟ್ ಮೆಟ್ಟಿಲೇರಿ ತಡೆಯಾಜ್ಞೆ ತಂದರು. 2001ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯ ನೀರು, ಮಣ್ಣು, ರಕ್ತದ ಮಾದರಿಗಳಲ್ಲಿ ವಿಷದ ಅಂಶ ಇರುವುದನ್ನು ಪ್ರಕಟಿಸಿತು. ಕೊನೆಗೆ 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ನಿಷೇಧದ ಆದೇಶ ಕೊಟ್ಟಿತು.

ಇವರೆಲ್ಲರ ಕೈಯಲ್ಲಿದ್ದ ಆಯುಧ ಒಂದೇ: ಕಂಡದ್ದನ್ನು ಬರೆದಿಟ್ಟದ್ದು. ಸರಕಾರ 'ಏನೂ ಆಗಿಲ್ಲ' ಅಂದಾಗ ಊರಿನ ಬಳಿ ದಾಖಲೆ ಇತ್ತು. ಇಲ್ಲಿ ಕೃಷಿಗಿಳಿಯುವ ವಿದ್ಯಾರ್ಥಿಗಳು ಕಲಿಯಬೇಕಾದ ಮೊದಲ ಪಾಠ ಇದೇ. ಹಾರೆಯ ಜೊತೆಗೆ ಒಂದು ರಿಜಿಸ್ಟರ್ ಬೇಕು.

ಯಾಕೆ ಅಂತ ನೋಡೋಣ. 2012ರಲ್ಲಿ ಕಾಸರಗೋಡನ್ನು ಸಾವಯವ ಜಿಲ್ಲೆ ಅಂತ ಘೋಷಿಸಲಾಯಿತು. ಆದರೆ ಘೋಷಣೆಯಿಂದ ಮಣ್ಣು ಸಾವಯವ ಆಗೋದಿಲ್ಲ. ಅಡಿಕೆ ತೋಟಕ್ಕೆ ಕಳೆನಾಶಕ ಹೊಡೆಯುವವರು ಇಲ್ಲಿ ಈಗಲೂ ಇದ್ದಾರೆ. ಆಳಿನ ಕೂಲಿ ಏರಿರುವಾಗ ಅವರನ್ನಷ್ಟೇ ದೂರಿದರೆ ನ್ಯಾಯವಲ್ಲ. ಗ್ಲೈಫೋಸೇಟನ್ನು ಕೇರಳ 2019ರಲ್ಲಿ ನಿಷೇಧಿಸಿದೆ, ಸರಿ. ಆದರೆ ಪೆರ್ಲದಿಂದ ಬಸ್ ಹತ್ತಿದರೆ ಸ್ವಲ್ಪ ಹೊತ್ತಿನಲ್ಲಿ ವಿಟ್ಲ, ಪುತ್ತೂರು. ರಾಜ್ಯ ಬದಲಾದರೆ ಕಾನೂನೂ ಬದಲು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಜನ ಇದೇ ಎಂಡೋಸಲ್ಫಾನ್‌ನಿಂದ ಇದೇ ನೋವು ಉಂಡರೂ ಅವರ ಹೋರಾಟ ಬೇರೆ, ಅವರ ಪರಿಹಾರದ ಲೆಕ್ಕ ಬೇರೆ.

ಇನ್ನು ಮಣ್ಣಿನ ಪರೀಕ್ಷೆ. ಕೃಷಿಭವನದ ಮೂಲಕ ಮಾಡಿಸುವ ಸಾಮಾನ್ಯ ಪರೀಕ್ಷೆ ಹುಳಿ-ಕ್ಷಾರ, ಸಾರಜನಕ, ರಂಜಕ, ಪೊಟ್ಯಾಷ್ ಹೇಳುತ್ತದೆಯೇ ಹೊರತು ಕೀಟನಾಶಕದ ಉಳಿಕೆ ಹೇಳೋದಿಲ್ಲ. ಅದಕ್ಕೆ ಬೇರೆ ಯಂತ್ರ, ಬೇರೆ ಲ್ಯಾಬ್ ಬೇಕು. ಕೇರಳ ಕೃಷಿ ವಿಶ್ವವಿದ್ಯಾಲಯದ ಅಂಥ ಲ್ಯಾಬ್ ಇರುವುದು ತಿರುವನಂತಪುರದ ವೆಳ್ಳಾಯಣಿಯಲ್ಲಿ. ಎಂಡೋಸಲ್ಫಾನ್ ಮತ್ತು ಅದು ಕೊಳೆತು ಉಂಟಾಗುವ ವಸ್ತುಗಳು ಅರ್ಧಕ್ಕೆ ಇಳಿಯಲು ಮಣ್ಣಿನ ಗುಣ ನೋಡಿಕೊಂಡು ಒಂಬತ್ತು ತಿಂಗಳಿಂದ ಆರು ವರ್ಷ ಬೇಕು ಅನ್ನುತ್ತದೆ ವಿಜ್ಞಾನ. ಸಿಂಪಡಣೆ ನಿಂತು 20 ವರ್ಷ ದಾಟಿರುವುದರಿಂದ ಹೆಚ್ಚಿನ ಕಡೆ ಬಹುಪಾಲು ಕರಗಿರಬೇಕು. ಆದರೆ 'ಇರಬೇಕು' ಅನ್ನೋದರ ಮೇಲೆ ಈ ಊರು ಇನ್ನು ನಂಬಿಕೆ ಇಡೋದಿಲ್ಲ. ನಿಷೇಧದ ಬಳಿಕ ಉಳಿದ ಎಂಡೋಸಲ್ಫಾನನ್ನು ಗಡಿಯ ಮಿಂಚಿನಪದವಿನ ಬಾವಿಗೆ ಹಾಕಿ ಮುಚ್ಚಲಾಗಿದೆ ಎಂಬ ದೂರು ಹಸಿರು ನ್ಯಾಯಮಂಡಳಿಯ ತನಕ ಹೋಗಿದೆ. ಹೀಗಿರುವಾಗ ಕ್ಯಾಂಪಸ್‌ನ ಮಣ್ಣು, ಬಾವಿ ನೀರನ್ನು ಒಮ್ಮೆಯಾದರೂ ಉಳಿಕೆ ಪರೀಕ್ಷೆಗೆ ಕಳಿಸಿ, ಫಲಿತಾಂಶವನ್ನು ಎಲ್ಲರಿಗೂ ಕಾಣುವಂತೆ ನೋಟಿಸ್ ಬೋರ್ಡಿನಲ್ಲಿ ಹಾಕಿದರೆ ಅದೇ ದೊಡ್ಡ ಕೆಲಸ. ಖರ್ಚನ್ನು ಪಂಚಾಯತ್ ಭರಿಸಲಿ.

ಎರಡನೇ ಸಮಸ್ಯೆ ಕ್ಯಾಲೆಂಡರ್‌ದು. ಕಾಲೇಜು ತೆರೆಯುವಾಗ ಜಡಿಮಳೆ. ಸೌತೆ, ಕುಂಬಳ, ಬಸಳೆಗೆ ದಿನಾ ನೀರು ಬೇಕಾಗುವ ಬೇಸಗೆಯಲ್ಲಿ ಪರೀಕ್ಷೆ, ಆಮೇಲೆ ರಜೆ. ಗಿಡಕ್ಕೆ ರಜೆ ಇಲ್ಲವಲ್ಲ! ಮೂರು ವರ್ಷ ಕಲಿತು ಹೋಗುವ ಹುಡುಗರ ಕೈಯಲ್ಲಿ ತೋಟ ಉಳಿಯಬೇಕಾದರೆ ಹಿರಿಯ ಬ್ಯಾಚು ಕಿರಿಯರಿಗೆ ಲೆಕ್ಕ ಸಮೇತ ಒಪ್ಪಿಸುವ ಪದ್ಧತಿ ಬೇಕು. ಸಾವಯವ ಪ್ರಮಾಣಪತ್ರದ ನಿಯಮವೂ ಹಾಗೇ ಇದೆ. ತರಕಾರಿಯಂಥ ಬೆಳೆಗೆ ಎರಡು ವರ್ಷ, ತೆಂಗು-ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ ಮೂರು ವರ್ಷ ರಾಸಾಯನಿಕ ಮುಟ್ಟದೆ ಕಾಯಬೇಕು, ಆ ಕಾಲದ ದಾಖಲೆ ತೋರಿಸಬೇಕು. ಯಾವ ದಿನ ಏನು ಹಾಕಿದ್ದು, ಗೊಬ್ಬರ ಎಲ್ಲಿಂದ ತಂದದ್ದು, ಎಷ್ಟು ಬೆಳೆದದ್ದು, ಹುಳ ಬಿದ್ದು ಎಷ್ಟು ಹೋದದ್ದು ಎಲ್ಲವೂ ಅದರಲ್ಲಿರಬೇಕು.

ಕೆಲಸಕ್ಕೆ ಕೈಗಳಿಲ್ಲ ಅನ್ನುವಂತಿಲ್ಲ. ಎನ್ನೆಸ್ಸೆಸ್ ನಿಯಮದಂತೆ ಒಬ್ಬ ಸ್ವಯಂಸೇವಕ ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು. 100 ಮಂದಿಯ ಘಟಕವಾದರೆ 12,000 ಗಂಟೆ ಆಯ್ತು. ಅದರ ಹತ್ತನೇ ಒಂದು ಭಾಗ ಸಾಕು ಸಣ್ಣ ತೋಟಕ್ಕೆ. ಗೊಬ್ಬರಕ್ಕೂ ದೂರ ಹೋಗಬೇಕಿಲ್ಲ. ಕಡಿಮೆ ತಿಂದು ಬದುಕುವ ಕಾಸರಗೋಡು ಗಿಡ್ಡ ತಳಿಯ ದನ ಈ ನೆಲದ್ದೇ. ಹತ್ತು ಕಿಲೋ ಸೆಗಣಿ, ಹತ್ತು ಲೀಟರ್ ಗಂಜಲ, ಎರಡೆರಡು ಕಿಲೋ ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು, 200 ಲೀಟರ್ ನೀರು ಸೇರಿದರೆ ಒಂದು ಎಕರೆಗೆ ಸಾಕಾಗುವಷ್ಟು ಜೀವಾಮೃತ ತಯಾರು.

ಈ ರಿಜಿಸ್ಟರಿನಿಂದ ಊರಿಗೇನು ಲಾಭ? ಗಲ್ಫ್‌ನಿಂದ ಮರಳಿ ಹಿತ್ತಲಲ್ಲಿ ಏನಾದರೂ ಬೆಳೆಸೋಣ ಅನ್ನುವವರು, ಘಟ್ಟದ ಮೇಲಿನ ಲಾರಿ ತರಕಾರಿಗೆ ಕಾಯುವ ಮನೆಯವರು ಕೇಳುವುದು ಭಾಷಣವಲ್ಲ. 'ಖರ್ಚೆಷ್ಟು, ಸಿಕ್ಕಿದ್ದೆಷ್ಟು?' ಅಂತ. ಇಲ್ಲಿನದೇ ಮಣ್ಣಿನ, ಇಲ್ಲಿನದೇ ಮಳೆಯ ಉತ್ತರ ಕಾಲೇಜಿನಲ್ಲಿ ಸಿಗುವಂತಾದರೆ ಹತ್ತು ಮನೆಯವರು ನಂಬಿ ಮುಂದೆ ಬರುತ್ತಾರೆ. ನಷ್ಟವಾದರೆ ಅದನ್ನೂ ಮುಚ್ಚಿಡಬಾರದು.

ಲೆಕ್ಕ ಕೇಳುವ ಅಭ್ಯಾಸ ಈ ಊರಿಗೆ ಇನ್ನೂ ಬೇಕು. ಪ್ರತಿ ಸಂತ್ರಸ್ತರಿಗೆ ಐದು ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2017ರ ಜನವರಿಯಲ್ಲಿ. 2022ರ ಮೇ ತಿಂಗಳಲ್ಲಿ ಅದೇ ಕೋರ್ಟ್ ನೋಡಿದಾಗ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು ಎಂಟೇ ಮಂದಿಗೆ. ಛೀಮಾರಿ ಬಿದ್ದ ಮೇಲೆಯೇ ವಿತರಣೆ ಚುರುಕಾಯಿತು. ತೋಟದ ಒಂದು ಬುಟ್ಟಿ ತರಕಾರಿಯನ್ನು ವಾರಕ್ಕೊಮ್ಮೆ ಹಾಸಿಗೆ ಹಿಡಿದವರಿರುವ ಮನೆಗಳಿಗೆ ಮುಟ್ಟಿಸಲಿ, ಹೋದವರು ಔಷಧಿ ಸಿಗುತ್ತಿದೆಯಾ, ಪಿಂಚಣಿ ಬಂತಾ ಅಂತ ಕೇಳಿ ಅದೇ ರಿಜಿಸ್ಟರಿನಲ್ಲಿ ಬರೆದಿಡಲಿ. ಪಂಚಾಯತ್ ಸಭೆಯಲ್ಲಿ ಮುಂದಿಡಲು ಅದಕ್ಕಿಂತ ಗಟ್ಟಿಯಾದ ಕಾಗದ ಬೇರೊಂದಿಲ್ಲ.