ಹಳೆಯ ಸೈಕಲ್ಲೂ ಪರಿಮಿತ ಪರಿಗ್ರಹವೂ

ಒಂದೇ ವಾಹನವನ್ನು ಇಪ್ಪತ್ತು ವರ್ಷ ಬಿಡದೆ ಇಟ್ಟುಕೊಂಡವನನ್ನು ಸಂಯಮಿಯೆನ್ನಬೇಕೋ ಮೋಹಿಯೆನ್ನಬೇಕೋ? ಗುಡ್ಡದ ದಾರಿಗೆಂದು ಕೊಂಡ ಮೌಂಟನ್ ಬೈಕನ್ನು ಬಹುಕಾಲ ಜತನದಿಂದ ಉಳಿಸಿಕೊಂಡವರನ್ನು ಕಂಡಾಗ ಈ ಪ್ರಶ್ನೆ ಏಳುತ್ತದೆ.

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ಮೂರ್ಛೆಯಿಂದ, ಎಂದರೆ 'ನನ್ನದು' ಎಂಬ ಮಮತ್ವದಿಂದ ಗುರುತಿಸಿದ್ದಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನ ಪರಿಗ್ರಹಪರಿಮಾಣ ವ್ರತವನ್ನು ಇಚ್ಛಾಪರಿಮಾಣವೆಂದೂ ಕರೆದಿದ್ದಾರೆ. ಆ ವ್ರತದ ಐದು ಅತಿಚಾರಗಳಲ್ಲಿ ಅವರು ಮೊದಲು ಹೇಳುವುದೇ ಅತಿವಾಹನ. ಅಗತ್ಯ ಮೀರಿ ವಾಹನಗಳನ್ನು ಹೊಂದುವುದು ಅದರ ಒಂದು ಅರ್ಥ. ಅತಿಸಂಗ್ರಹದ ನಂತರ ಬರುವುದು ವಿಸ್ಮಯ. ನೆರೆಯವನ ಹೊಸ ಸೈಕಲ್ಲಿಗೆ ಕಣ್ಣರಳಿಸಿ, ನಮ್ಮದು ಸಾಲದೆಂದು ಕೊರಗುವುದು ಈ ದೋಷವೇ ಸರಿ.

ಮೌಂಟನ್ ಬೈಕಿನ ಹುಟ್ಟಿನಲ್ಲಿಯೂ ಒಂದು ಪಾಠವಿದೆ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಪ್ರಾಂತ್ಯದ ತರುಣರು ಬೆಟ್ಟದ ಮಣ್ಣುದಾರಿಗಳಿಗೆ ಆರಿಸಿಕೊಂಡದ್ದು 1930 ಮತ್ತು 1940ರ ದಶಕಗಳ ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು. ಇಳಿಜಾರಿನಲ್ಲಿ ಹಿಂಚಕ್ರದ ಬ್ರೇಕು ಕಾದು ಗ್ರೀಸು ಹೊಗೆಯಾಗುತ್ತಿತ್ತು. ಅದನ್ನು ಮತ್ತೆ ತುಂಬಬೇಕಾಗುತ್ತಿತ್ತು. ಆದುದರಿಂದಲೇ ಫೇರ್‌ಫ್ಯಾಕ್ಸ್ ಊರಿನ ಬಳಿಯ ಒಂದು ದಾರಿಗೆ 'ರೀಪ್ಯಾಕ್' ಎಂಬ ಹೆಸರು ಬಂತು. 1977ರಲ್ಲಿ ಜೋ ಬ್ರೀಜ್ ಅವರು ಇದೇ ಉದ್ದೇಶಕ್ಕೆ ಹೊಸ ಚೌಕಟ್ಟನ್ನು ನಿರ್ಮಿಸಿದರು. ಇಂದು ಹೊಸ ಮಾದರಿಗಳ ಹಿಂದೆ ಓಡುವ ಈ ಹವ್ಯಾಸ ಮೊಳೆತದ್ದು ಹಳೆಯದರ ದುರಸ್ತಿಯಲ್ಲಿ.

ಬಹುಕಾಲದ ಒಡೆತನ ಅಪ್ರಮಾದವನ್ನು ಬೇಡುತ್ತದೆ. ಕೀಲುಗಳು ಸವೆದಂತೆ ಸರಪಳಿ ಉದ್ದವಾಗುತ್ತದೆ. ಸಕಾಲದಲ್ಲಿ ಅದೊಂದನ್ನು ಬದಲಿಸಿದರೆ ಹಲ್ಲುಚಕ್ರಗಳು ಉಳಿಯುತ್ತವೆ. ಅಲಕ್ಷಿಸಿದರೆ ಅವೂ ಕೆಡುತ್ತವೆ. ಸಣ್ಣ ದೋಷವನ್ನು ಸಣ್ಣದಿರುವಾಗಲೇ ತಿದ್ದಬೇಕೆಂಬುದು ಆತ್ಮಶೋಧನೆಗೂ ಸಲ್ಲುವ ಮಾತು. ಆದುದರಿಂದ ಒಂದನ್ನೇ ಕಾಪಾಡಿ ಬಳಸುವವನು, ವರ್ಷಕ್ಕೊಂದು ಕೊಳ್ಳುವವನಿಗಿಂತ ವ್ರತಕ್ಕೆ ಹತ್ತಿರದವನೆಂದೇ ನನ್ನ ಅಭಿಪ್ರಾಯ.

ಆದರೆ ಮೂರ್ಛೆ ಹಳೆಯ ವಸ್ತುವಿನಲ್ಲಿಯೂ ಮನೆಮಾಡುತ್ತದೆ. ಒಂದು ಗೀರು ಬಿದ್ದರೆ ಮಕ್ಕಳ ಮೇಲೆ ಕ್ರೋಧ ಉಕ್ಕುವುದಾದರೆ, ಮಂಡಿಗಳು ಸೋತ ಮೇಲೂ ಅದು ಉಗ್ರಾಣದಲ್ಲಿ ತುಕ್ಕು ಹಿಡಿಯುತ್ತಿದ್ದರೆ, ಅದು ವಾಹನವಾಗಿ ಉಳಿದಿಲ್ಲ, ಗಾಲಿಯಿರುವ ಅಭಿಮಾನವಾಗಿದೆ. ನಂಬಿದ ವಸ್ತುವನ್ನು ಎಷ್ಟು ವರ್ಷ ಇಟ್ಟುಕೊಂಡೆವೆಂಬುದು ಅಪರಿಗ್ರಹದ ಅಳತೆಯಲ್ಲ. ಅದನ್ನು ಕೊಡುವಾಗ ಮನಸ್ಸು ಎಷ್ಟು ಹಗುರವಾಗಿತ್ತೆಂಬುದೇ ಅಳತೆ.

ಅರವತ್ತು ದಾಟಿದ ನನ್ನಂತಹ ಗೃಹಸ್ಥರು ಇದನ್ನು ಮುಂದೂಡಬಾರದು. ಗಾಲಿ ಸರಾಗವಾಗಿ ತಿರುಗುತ್ತಿರುವಾಗಲೇ, ಸರಪಳಿಗೆ ಎಣ್ಣೆಯಿಟ್ಟು, ಶಾಲೆಗೆ ನಡೆದುಹೋಗುವ ಮಗುವೊಂದಕ್ಕೆ ಅದನ್ನು ಒಪ್ಪಿಸೋಣ. ಕೊಟ್ಟ ಮೇಲೆ ಅದರ ಯೋಗಕ್ಷೇಮ ವಿಚಾರಿಸಲು ಹೋಗದಿದ್ದರೆ ದಾನ ಪೂರ್ಣವಾಯಿತು.