ಎಕ್ಸೆಲ್ ಶೀಟಿನಲ್ಲಿ 'ಗೈರು' ಅಂದ್ರೆ ಎಷ್ಟು ಮಾರ್ಕ್ಸು?

ಸೊನ್ನೆ ಅಂತೀರಾ? ಖಾಲಿ ಬಿಡಬೇಕು ಅಂತೀರಾ? ನಗಬೇಡಿ, ಲೆಕ್ಕ ಮಾಡಿ ನೋಡಿ. ನಲವತ್ತು ಮಕ್ಕಳ ಕ್ಲಾಸು, ಹತ್ತು ಮಂದಿ ಗೈರು, ಬಂದ ಮೂವತ್ತು ಮಂದಿಗೂ ತಲಾ 60 ಅಂದುಕೊಳ್ಳಿ. ಗೈರಾದವರಿಗೆ ಸೊನ್ನೆ ಹಾಕಿದರೆ ಸರಾಸರಿ 45. 'ಗೈ' ಅಂತ ಅಕ್ಷರ ಕುಟ್ಟಿದರೆ ಆವರೇಜ್ ಫಾರ್ಮುಲಾ ಆ ಮನೆಗಳನ್ನು ಮುಟ್ಟುವುದೇ ಇಲ್ಲ, ಸರಾಸರಿ 60! ಮೊದಲನೆಯದು ಆ ಹತ್ತು ಮಕ್ಕಳಿಗೆ ಏನೂ ಬರಲ್ಲ ಅನ್ನುತ್ತೆ. ಎರಡನೆಯದು ಆ ಮಕ್ಕಳೇ ಇಲ್ಲ ಅನ್ನುತ್ತೆ. ಯಾಕೆ ಬರಲಿಲ್ಲ? ಹತ್ತಿ ಬಿಡಿಸಲು ಹೋಗಿದ್ದರಾ, ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳುತ್ತಿದ್ದರಾ? ಅದಕ್ಕೆ ಶೀಟಿನಲ್ಲಿ ಕಾಲಂ ಇಲ್ಲ.

ನನ್ನ ಸಿಟ್ಟು ಎಕ್ಸೆಲ್ ಮೇಲಲ್ಲ, ಅನ್ನ ಹಾಕುವ ಸಾಫ್ಟ್‌ವೇರ್ ಅದು :-) ಸಿಟ್ಟು ಅದನ್ನು ಯಾರಿಗೋಸ್ಕರ ತುಂಬಿಸುತ್ತಾರೆ ಅನ್ನೋದರ ಮೇಲೆ. ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಪರೀಕ್ಷೆ. ಅಷ್ಟೂ ಅಂಕ ಮೇಲಕ್ಕೆ ಹೋಗುತ್ತೆ, ಕೆಳಗೆ ಏನೂ ವಾಪಸ್ ಬರಲ್ಲ. ಧಾರವಾಡದ ಕಡೆಯ ಮೇಷ್ಟ್ರೊಬ್ಬರು ಹೇಳಿದ್ದು: "ಶೀಟ್ ತುಂಬೂದ್ರಾಗ ಹೊತ್ತು ಹೋಗ್ತೈತ್ರಿ, ನೋಡಾಕ ಯಾರಿಗೆ ಪುರಸೊತ್ತೈತಿ?" ನೋಡಿದರೂ ನೋಡುವುದು ಒಂದೇ ಮನೆ, ಶೇಕಡಾ ಎಷ್ಟು ಪಾಸು ಅಂತ. ಹಾಗಾಗಿ ಗೆರೆಗೆ ಚೂರು ಕೆಳಗಿರುವ ಹುಡುಗನನ್ನು ಎತ್ತಲು ಎಲ್ಲರೂ ಓಡುತ್ತಾರೆ. ಹನ್ನೆರಡು ಅಂಕದವಳನ್ನು ಎತ್ತಿದರೂ ಶೇಕಡಾ ಏರಲ್ಲ, ಅವಳನ್ನು ಬಿಟ್ಟುಬಿಡುತ್ತಾರೆ.

ಆ ಶೇಕಡಾ ಎಷ್ಟು ಗಟ್ಟಿ ಅಂತೀರಿ? 2024ರಲ್ಲಿ ಎಸ್ಸೆಸ್ಸೆಲ್ಸಿ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದರು, ಫಲಿತಾಂಶ 73.40 ಬಂತು. 2025ರಲ್ಲಿ ಆ ಹೆಚ್ಚುವರಿ ಕೃಪಾಂಕ ಇರಲಿಲ್ಲ, ಮೊದಲ ಪರೀಕ್ಷೆಯ ಫಲಿತಾಂಶ 62.34. ಒಂದೇ ವರ್ಷದಲ್ಲಿ ಮಕ್ಕಳು ಅಷ್ಟು ದಡ್ಡರಾದರಾ? ನಿಯಮ ಬದಲಾದರೆ ಅಂಕಿ ಬದಲಾಗುತ್ತೆ ಸ್ವಾಮಿ, ಕಲಿಕೆ ಬದಲಾಗಲ್ಲ.

ಹಾಗಾದರೆ ಏನು ಮಾಡೋಣ? ಒಟ್ಟು ಅಂಕ ಬಿಡಿ, ಪ್ರಶ್ನೆಗೊಂದು ಕಾಲಂ ಹಾಕಿ. ಗಣಿತದಲ್ಲಿ ಇಬ್ಬರಿಗೂ 40 ಬಂದಿರಬಹುದು. ಒಬ್ಬಳಿಗೆ ಬೀಜಗಣಿತ ಬರುತ್ತೆ, ಇನ್ನೊಬ್ಬನಿಗೆ ರೇಖಾಗಣಿತ. ಒಟ್ಟು ಅಂಕದಲ್ಲಿ ಇಬ್ಬರೂ ಒಂದೇ! ಏಳನೇ ಪ್ರಶ್ನೆ ಇಡೀ ಕ್ಲಾಸಿಗೇ ತಪ್ಪಾಗಿದ್ದರೆ ಮತ್ತೆ ಹೇಳಿಕೊಡಬೇಕಾದ ಪಾಠ ಯಾವುದು ಅಂತ ಅಲ್ಲೇ ಗೊತ್ತಾಗುತ್ತೆ. ಸರಾಸರಿಯ ಪಕ್ಕದಲ್ಲೇ ಗೈರಾದವರ ಸಂಖ್ಯೆ ಬರೆಯಿರಿ. ಹೆಸರುಗಳನ್ನು ಹಳೇ ನುಡಿ ಫಾಂಟಿನಲ್ಲಿ ಕುಟ್ಟಿದರೆ ಅಕಾರಾದಿ ಸಾರ್ಟ್ ಚೆಲ್ಲಾಪಿಲ್ಲಿ, ಯೂನಿಕೋಡ್ ಬಳಸಿ. ಸ್ಯಾಟ್ಸ್ ನಂಬರ್ ಇದ್ದೇ ಇದೆ, ಅದನ್ನೇ ಗುರುತಾಗಿಟ್ಟುಕೊಳ್ಳಿ.

ಇಷ್ಟೆಲ್ಲ ತುಂಬಲು ಟೈಮೆಲ್ಲಿದೆ ಅಂತ ಮೇಷ್ಟ್ರು ಕೇಳಿದರೆ ಅದು ನ್ಯಾಯವೇ. ಅದಕ್ಕೇ ಎಲ್ಲ ವಿಷಯಕ್ಕೂ ಬೇಡ. ಒಂದು ವಿಷಯ, ಒಂದು ಪರೀಕ್ಷೆ ಸಾಕು. ಒಂದೇ ಮಾಹಿತಿಯನ್ನು ಮೂರು ನಮೂನೆಯಲ್ಲಿ ಕೇಳುವುದನ್ನು ಮೇಲಿನವರು ನಿಲ್ಲಿಸಿದರೆ ಟೈಮು ತಾನಾಗೇ ಸಿಗುತ್ತೆ.

ನಮ್ಮಂಥ ಕೀಲಿಮಣೆ ಕುಟ್ಟುವವರು ಊರ ಶಾಲೆಗೆ ಹಳೇ ಕಂಪ್ಯೂಟರ್ ಕೊಟ್ಟು ಫೋಟೋ ಹಾಕಿಕೊಂಡಿದ್ದು ಸಾಕು. ಒಂದು ಶನಿವಾರ ಮೇಷ್ಟ್ರ ಪಕ್ಕ ಕೂತು, "ಈ ಶೀಟಿನಿಂದ ನಿಮಗೆ ಏನು ಗೊತ್ತಾಗಬೇಕು ಸರ್?" ಅಂತ ಕೇಳಿ. ಫಾರ್ಮುಲಾ ಆಮೇಲೆ ಬರೆಯೋಣ.

ನಿಮ್ಮೂರ ಶಾಲೆಯಲ್ಲಿ ಗೈರಿಗೆ ಏನು ಹಾಕ್ತಾರೆ? ವಿಚಾರಿಸಿ ಬರೀರಿ.