ಮನೆಯ ಆರೋಗ್ಯ: ಹೊಟ್ಟೆಯ ಚೀಲ ಸೋರುತ್ತಿದ್ದರೆ

ಪ್ರಶ್ನೆ: ಎರಡು ತಿಂಗಳ ಹಿಂದೆ ನಮ್ಮವರಿಗೆ ಆಪರೇಷನ್ ಮಾಡಿ, ಸಣ್ಣ ಕರುಳನ್ನು ಹೊಟ್ಟೆಯ ಮೇಲೆ ಹೊರತಂದು ಚೀಲ ಅಂಟಿಸಿದ್ದಾರೆ. ಮೊದಮೊದಲು ಸರಿಯಿತ್ತು. ಈಗ ದಿನಾ ಸೋರುತ್ತೆ, ಸುತ್ತ ಚರ್ಮ ಕೆಂಪಾಗಿ ಒಂದೇ ಉರಿ. ಕೊಬ್ಬರಿ ಎಣ್ಣೆ, ಅರಿಸಿನ ಹಚ್ಚಿದರೂ ಗುಣವಿಲ್ಲ. ಸೋರೀತೆಂದು ಹೆದರಿ ಊಟ, ನೀರು ಎರಡನ್ನೂ ಕಡಿಮೆ ಮಾಡಿದ್ದಾರೆ. ಮುಂದಿನ ತಿಂಗಳು ಮಗಳ ಮದುವೆ. ಧಾರೆಗೆ ಕೂರೋದಿಲ್ಲ ಅಂತಾರೆ. ಏನು ಮಾಡಲಿ?
— ಹೆಸರು ಬೇಡ

ಉತ್ತರ: ಸೋದರಿ, ಧೈರ್ಯ ತಂದುಕೊಳ್ಳಿ. ಆಪರೇಷನ್ ಆದ ಹೊಸತರಲ್ಲಿ ಸ್ಟೋಮಾ, ಅಂದರೆ ಹೊರಗೆ ಕಾಣುವ ಕರುಳಿನ ತುದಿ, ಊದಿಕೊಂಡಿರುತ್ತದೆ. ಆರೆಂಟು ವಾರಗಳಲ್ಲಿ ಊತ ಇಳಿದು ಚಿಕ್ಕದಾಗುತ್ತದೆ. ನೀವು ಇನ್ನೂ ಹಳೆಯ ಅಳತೆಗೇ ಚೀಲದ ತೂತು ಕತ್ತರಿಸುತ್ತಿರಬಹುದು. ಆ ಸಂದಿಯಲ್ಲಿ ಜೀರ್ಣರಸ ನಿಂತು ಚರ್ಮವನ್ನು ಸುಡುತ್ತದೆ. ಹೊಸದಾಗಿ ಅಳತೆ ತೆಗೆದು, ಸ್ಟೋಮಾದ ಸುತ್ತ 2–3 ಮಿಲಿಮೀಟರ್ ಮಾತ್ರ ಜಾಗ ಬಿಟ್ಟು ಕತ್ತರಿಸಿ.

ಎಣ್ಣೆ, ಅರಿಸಿನ ಇಂದೇ ನಿಲ್ಲಿಸಿ. ಜಿಡ್ಡಿನ ಮೇಲೆ ಅಂಟು ಹಿಡಿಯದು. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಮೆತ್ತನೆ ಬಟ್ಟೆಯಿಂದ ಒತ್ತಿ ಪೂರ್ತಿ ಒಣಗಿಸಿ, ಚೀಲ ಅಂಟಿಸಿದ ಮೇಲೆ ಅಂಗೈಯಿಂದ ಒಂದೆರಡು ನಿಮಿಷ ಹಿಡಿಯಿರಿ. ಬೆಳಿಗ್ಗೆ ಕಾಫಿ, ತಿಂಡಿಗೆ ಮುಂಚೆ ಬದಲಾಯಿಸುವುದು ಸುಲಭ. ಮೂರನೇ ಒಂದು ಪಾಲು ತುಂಬಿದಾಗಲೇ ಖಾಲಿ ಮಾಡಿ. ಸೋರಿದರೆ ಮೇಲೆ ಟೇಪು ಹಚ್ಚಿ ಸುಮ್ಮನಾಗಬೇಡಿ. ಬಿಚ್ಚಿ ಬೇರೆ ಹಾಕಿ. ಚರ್ಮ ಹುಣ್ಣಾಗಿದ್ದರೆ ಆಸ್ಪತ್ರೆಯಲ್ಲಿ ತೋರಿಸಿ, ಅದಕ್ಕೆಂದೇ ಪುಡಿ ಇದೆ.

ಊಟ, ನೀರು ಬಿಡಿಸುವುದು ಮಾತ್ರ ಅಪಾಯ. ಇಂಥವರ ದೇಹದಿಂದ ನೀರಿನ ಜೊತೆ ಉಪ್ಪೂ ಹೋಗುತ್ತದೆ. ಉಪ್ಪು ಹಾಕಿದ ಗಂಜಿ, ಮಜ್ಜಿಗೆ ಕೊಡಿ. ಬಿಪಿ, ಕಿಡ್ನಿ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿಯೇ ಕೊಡಿ. ಮೆತ್ತಗಿನ ಅನ್ನ, ಇಡ್ಲಿ ಸ್ವಲ್ಪಸ್ವಲ್ಪವಾಗಿ ನಾಲ್ಕೈದು ಸಲ ಇರಲಿ. ತೆಂಗಿನಕಾಯಿ ಚೂರು, ಜೋಳದ ತೆನೆ, ಹಲಸಿನ ತೊಳೆ ಸದ್ಯಕ್ಕೆ ಬೇಡ, ದಾರಿ ಕಟ್ಟಿಕೊಳ್ಳಬಹುದು. ಭಾರ ಎತ್ತಿದರೆ ಪಕ್ಕದಲ್ಲಿ ಕರುಳು ಉಬ್ಬಿ ಹರ್ನಿಯಾ ಆದೀತು, ಮದುವೆ ಸಾಮಾನು ಹೊರಲು ಬಿಡಬೇಡಿ.

ಸ್ಟೋಮಾ ಬಾಯೊಳಗಿನ ಹಾಗೆ ಕೆಂಪಗೆ, ಒದ್ದೆಯಾಗಿ ಇರಬೇಕು. ಒರೆಸುವಾಗ ಒಂದು ಹನಿ ರಕ್ತ ಬಂದರೆ ಗಾಬರಿಯಿಲ್ಲ. ಕಪ್ಪಾದರೆ, ಹೊಟ್ಟೆನೋವು, ವಾಂತಿಯೊಡನೆ ನಾಲ್ಕಾರು ಗಂಟೆ ಏನೂ ಹೊರಬರದಿದ್ದರೆ, ಇಲ್ಲವೇ ನೀರಿನಂತೆ ಸುರಿದು ತಲೆಸುತ್ತಿ ಮೂತ್ರ ಕಡಿಮೆಯಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನು ಮದುವೆ. ಹಿಂದಿನ ದಿನ ಹೊಸ ಚೀಲ ಹಾಕಿ. ಪಂಚೆಯ ಕಟ್ಟು ಸ್ಟೋಮಾದ ಮೇಲೆ ಬೀಳದಿರಲಿ. ಮಣೆಯ ಮೇಲೆ ಬಗ್ಗಿ ಕೂರುವುದು ಕಷ್ಟವೆಂದರೆ ಕುರ್ಚಿ ಹಾಕಿಸಿ. ಪುರೋಹಿತರಿಗೆ ಮೊದಲೇ ಹೇಳಿಡಿ. ಕೈಚೀಲದಲ್ಲಿ ಕತ್ತರಿಸಿಟ್ಟ ಇನ್ನೊಂದು ಚೀಲ, ಒಂದು ಬಟ್ಟೆ ಇರಲಿ. ಮೇಲೆ ಶಲ್ಯ ಹೊದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಮಗಳನ್ನು ಅವರೇ ಧಾರೆ ಎರೆದು ಕೊಡಲಿ.